ಪಾಪ್ ಊರು, ಸೋಡಾ ಊರು

ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ ಫೇಗೋ ಕಂಪನಿಯವರು ಕೆಂಪು ಬಣ್ಣದ, ಸ್ಟ್ರಾಬೆರಿ ರುಚಿಯ ಒಂದು ಡ್ರಿಂಕ್ ಮಾಡುತ್ತಾರೆ. ಅದರ ಹೆಸರೇ ರೆಡ್‌ಪಾಪ್. ರಷ್ಯಾದಿಂದ ವಲಸೆ ಬಂದ ಪೆರ್ರಿ ಮತ್ತು ಬೆನ್ ಫೈಗನ್‌ಸನ್ ಎಂಬ ಅಣ್ಣತಮ್ಮಂದಿರು 1907ರಲ್ಲಿ ಈ ಕಂಪನಿ ಶುರು ಮಾಡಿದರು. ಇಬ್ಬರೂ ಬೇಕರಿ ಕೆಲಸ ಬಲ್ಲವರು. ಕೇಕ್ ಮೇಲೆ ಬಳಿಯುವ ಕ್ರೀಮಿನ ರುಚಿಗಳನ್ನೇ ಗ್ಯಾಸ್ ನೀರಿಗೆ ಬೆರೆಸಿ ಮಾರಿದರು. ಮಿಶಿಗನ್‌ನಲ್ಲಿ ಹುಟ್ಟಿ ಬೆಳೆದವರಿಗೆ ರೆಡ್‌ಪಾಪ್ ಅನ್ನೋ ಹೆಸರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಇಲ್ಲಿ ಗ್ಯಾಸ್ ಇರುವ ಸಿಹಿ ಡ್ರಿಂಕ್ ಯಾವುದೇ ಇರಲಿ, ಅದು ಪಾಪ್. ಕೋಲಾನೂ ಪಾಪ್, ಆರೆಂಜೂ ಪಾಪ್. ಕುಡಿದು ಮುಗಿಸಿದ ಖಾಲಿ ಡಬ್ಬ ಪಾಪ್ ಕ್ಯಾನ್.

ನಾನು ಮೊದಲು ಬಾಸ್ಟನ್ ಹತ್ತಿರ ಇದ್ದೆ. ಅಲ್ಲಿ ನನ್ನ ಜೊತೆ ಕೆಲಸ ಮಾಡುವವರೆಲ್ಲ ಸೋಡಾ ಅನ್ನುತ್ತಿದ್ದರು. ಆಮೇಲೆ ಕೆಲಸದ ಮೇಲೆ ಮಿಶಿಗನ್‌ಗೆ ಬಂದೆ. ಮಗಳು ಇಲ್ಲೇ ಹುಟ್ಟಿದವಳು, ಅವಳಿಗೆ ಅದು ಪಾಪ್. ನ್ಯೂಜೆರ್ಸಿಯಲ್ಲಿರುವ ಅವಳ ದೊಡ್ಡಪ್ಪನ ಮಕ್ಕಳಿಗೆ ಅದು ಸೋಡಾ. ರಜೆಯಲ್ಲಿ ಸೇರಿದಾಗ ಈ ಒಂದು ಪದ ಹಿಡಿದುಕೊಂಡು ಮಕ್ಕಳು ಎಷ್ಟು ಹೊತ್ತು ಬೇಕಾದರೂ ಜಗಳ ಆಡುತ್ತಾರೆ. ನನಗೆ ಮಾತ್ರ ಅದು ಇವತ್ತಿಗೂ ಕೂಲ್ ಡ್ರಿಂಕ್ಸೇ. ಅರಸೀಕೆರೆಯಲ್ಲಿ ಬೆಳೆದವನಿಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಈ ಬರಹದಲ್ಲೂ ಹಾಗೇ ಕರೆಯುತ್ತೇನೆ.

ಮಕ್ಕಳ ಜಗಳ ಅಂತ ಬಿಟ್ಟುಬಿಡಬಹುದು. ಆದರೆ ನನಗೆ ಈ ವಿಷಯ ತುಂಬಾ ವರ್ಷದಿಂದ ತಲೆಯಲ್ಲಿ ಕೂತಿದೆ. ಒಂದೇ ದೇಶ, ಒಂದೇ ಇಂಗ್ಲಿಷು, ಟೀವಿಯಲ್ಲಿ ಬರುವುದೂ ಒಂದೇ ಜಾಹೀರಾತು. ಆದರೂ ನಾಲ್ಕು ಊರು ದಾಟಿದರೆ ಹೆಸರು ಬೇರೆ. ಯಾಕೆ ಹೀಗೆ? ಓದಿ, ಕೇಳಿ, ಊರೂರು ಸುತ್ತಿ ನಾನು ಕಂಡುಕೊಂಡ ಉತ್ತರ ಇಷ್ಟು. ಕೂಲ್ ಡ್ರಿಂಕ್ಸ್ ಅಂದರೆ ಬಹುಪಾಲು ನೀರು. ನೀರು ಭಾರ. ಅದನ್ನು ತುಂಬುವ ಗಾಜಿನ ಬಾಟಲಿ ಇನ್ನೂ ಭಾರ, ಮೇಲಾಗಿ ಆ ಬಾಟಲಿ ವಾಪಸ್ ಬರಬೇಕು. ಹಾಗಾಗಿ ದೂರದಿಂದ ತರಿಸುವ ಮಾತೇ ಇರಲಿಲ್ಲ. ಅವರವರ ಊರಲ್ಲೇ ಅದು ತಯಾರಾಗಬೇಕಿತ್ತು. ಊರಲ್ಲಿ ಅದನ್ನು ಮೊದಲು ಮಾಡಿದವರು ಯಾರು, ಎಲ್ಲಿ ನಿಂತು ಮಾರಿದರು, ಮುಚ್ಚಳ ಹೇಗಿತ್ತು, ಇದರ ಗುರುತೆಲ್ಲ ಹೆಸರಲ್ಲಿ ಉಳಿಯಿತು.

ಮೊದಲು ಯಾರು ಎಲ್ಲಿ ಏನನ್ನುತ್ತಾರೆ ಅಂತ ನೋಡೋಣ. 2000ದ ದಶಕದ ಶುರುವಿನಲ್ಲಿ ಹಾರ್ವರ್ಡ್‌ನಲ್ಲಿದ್ದ ಬರ್ಟ್ ವಾಕ್ಸ್ ಎಂಬ ಭಾಷಾ ವಿದ್ವಾಂಸರು ಅಮೆರಿಕದ ಆಡುಮಾತಿನ ಬಗ್ಗೆ ದೊಡ್ಡ ಸಮೀಕ್ಷೆ ಮಾಡಿದರು. ಅದರಲ್ಲಿ ಈ ಪ್ರಶ್ನೆಯೂ ಇತ್ತು. ಉತ್ತರ ಕೊಟ್ಟವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಸೋಡಾ ಅಂದರು. ಕಾಲು ಭಾಗ ಪಾಪ್ ಅಂದರು. ನೂರಕ್ಕೆ ಸುಮಾರು ಹನ್ನೆರಡು ಜನ ಕೋಕ್ ಅಂದರು. ಈ ಸಮೀಕ್ಷೆಯ ಪ್ರಶ್ನೆಗಳನ್ನು ಆಧಾರವಾಗಿ ಇಟ್ಟುಕೊಂಡು ಜಾಶ್ ಕಾಟ್ಜ್ ಮಾಡಿದ ರಸಪ್ರಶ್ನೆಯನ್ನು 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿತು. ಜನ ಮುಗಿಬಿದ್ದು ಆಡಿದರು. ನೀವು ಆಡುವ ಪದ ನೋಡಿ ನಿಮ್ಮ ಊರು ಯಾವುದು ಅಂತ ಅದು ಹೇಳುತ್ತಿತ್ತು.

ಪೂರ್ವ ಕರಾವಳಿಯ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ ಕಡೆ ಸೋಡಾ. ಆ ತುದಿಯ ಕ್ಯಾಲಿಫೋರ್ನಿಯಾದಲ್ಲೂ ಸೋಡಾ. ಮಧ್ಯದ ದೊಡ್ಡ ಭಾಗ, ಅಂದರೆ ಬಫಲೋ, ಪಿಟ್ಸ್‌ಬರ್ಗ್‌ನಿಂದ ಹಿಡಿದು ಒಹಾಯೋ, ಮಿಶಿಗನ್, ಶಿಕಾಗೋ, ಮಿನೆಸೋಟಾ ದಾಟಿ ಸಿಯಾಟಲ್‌ವರೆಗೆ ಪಾಪ್. ದಕ್ಷಿಣದ ಜಾರ್ಜಿಯಾ, ಅಲಬಾಮಾ, ಟೆನೆಸೀ, ಟೆಕ್ಸಾಸ್ ಕಡೆ ಕೋಕ್. ಪಾಪ್ ಸೀಮೆಯ ನಡುವೆ ಎರಡು ದ್ವೀಪಗಳಿವೆ. ಒಂದು ಸೇಂಟ್ ಲೂಯಿಸ್, ಇನ್ನೊಂದು ಮಿಲ್ವಾಕಿ. ಸುತ್ತ ಎಲ್ಲರೂ ಪಾಪ್ ಅಂದರೂ ಈ ಎರಡು ಊರಿನವರು ಸೋಡಾ ಬಿಟ್ಟುಕೊಟ್ಟಿಲ್ಲ. ಎರಡೂ ಜರ್ಮನ್ನರು ಬಂದು ನೆಲೆಸಿದ, ಬಿಯರ್‌ಗೆ ಹೆಸರಾದ ಊರುಗಳು. ಬಾಟಲಿ ತುಂಬುವ ಕಸುಬು ಅಲ್ಲಿ ಮೊದಲಿಂದ ಇತ್ತು.

ನಾವು ನ್ಯೂಜೆರ್ಸಿಗೆ ಕಾರಲ್ಲಿ ಹೋಗುವಾಗ ಪೆನ್ಸಿಲ್ವೇನಿಯಾ ರಾಜ್ಯವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಬೇಕು. ಪಾಪ್ ಸೀಮೆ ಬಿಟ್ಟು ಸೋಡಾ ಸೀಮೆ ಸೇರುವುದು ಈ ರಾಜ್ಯದೊಳಗೇ. ಪಶ್ಚಿಮದ ಪಿಟ್ಸ್‌ಬರ್ಗ್‌ನವರು ಪಾಪ್, ಪೂರ್ವದ ಫಿಲಡೆಲ್ಫಿಯಾದವರು ಸೋಡಾ. ಇವೆರಡರ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಸಸ್ಕ್ವೆಹಾನಾ ನದಿಯ ದಡದಲ್ಲಿ ನಾರ್ತಂಬರ್‌ಲ್ಯಾಂಡ್ ಅನ್ನೋ ಚಿಕ್ಕ ಊರಿದೆ. ಅಲ್ಲಿ ಜೋಸೆಫ್ ಪ್ರೀಸ್ಟ್ಲಿಯ ಮನೆ ಇದೆ. ಈಗ ಅದು ಮ್ಯೂಸಿಯಂ. ಆಮ್ಲಜನಕದ ಪಾಠದಲ್ಲಿ ನಾವು ಓದಿದ ಅದೇ ಪ್ರೀಸ್ಟ್ಲಿ. ನೀರಿಗೆ ಗ್ಯಾಸ್ ತುಂಬುವ ದಾರಿ ತೋರಿಸಿದವರೂ ಅವರೇ.

1767ರಲ್ಲಿ ಅವರು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾದ್ರಿಯಾಗಿದ್ದರು. ಮನೆ ಪಕ್ಕದಲ್ಲೇ ಬಿಯರ್ ಮಾಡುವ ಕಾರ್ಖಾನೆ. ಹುಳಿ ಬರುತ್ತಿದ್ದ ತೊಟ್ಟಿಗಳ ಮೇಲೆ ಒಂದು ಬಗೆಯ ಗಾಳಿ ನಿಂತಿರುವುದನ್ನು ಅವರು ನೋಡಿದರು. ಆ ಗಾಳಿಯಲ್ಲಿ ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ನೀರು ಎತ್ತಿ ಸುರಿದರು. ಗಾಳಿ ನೀರಿಗೆ ಸೇರಿತು. ನೀರಿಗೆ ಚುರುಕು ರುಚಿ ಬಂತು. 1772ರಲ್ಲಿ ಅದನ್ನು ಮಾಡುವ ಬಗೆ ವಿವರಿಸಿ ಕಿರುಪುಸ್ತಕ ಬರೆದರು. ದುಡ್ಡು ಮಾಡಲು ಹೋಗಲಿಲ್ಲ. ಅದನ್ನು ವ್ಯಾಪಾರ ಮಾಡಿದವರು ಯೋಹಾನ್ ಯಾಕೋಬ್ ಶ್ವೆಪ್. 1783ರಲ್ಲಿ ಜಿನೀವಾದಲ್ಲಿ ಶುರು ಮಾಡಿ, 1792ರಲ್ಲಿ ಲಂಡನ್‌ಗೆ ಬಂದರು. ಇವತ್ತಿಗೂ ಶ್ವೆಪ್ಸ್ ಬಾಟಲಿ ಸಿಗುತ್ತದೆ. ಪ್ರೀಸ್ಟ್ಲಿ ಮಾತ್ರ ತಮ್ಮ ಧರ್ಮ, ರಾಜಕೀಯ ವಿಚಾರಗಳಿಂದಾಗಿ ಜನರ ಕೋಪಕ್ಕೆ ಸಿಕ್ಕರು. 1791ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ದೊಂಬಿಯವರು ಅವರ ಮನೆ ಸುಟ್ಟರು. 1794ರಲ್ಲಿ ಅವರು ಅಮೆರಿಕಕ್ಕೆ ಬಂದರು. 1804ರಲ್ಲಿ ಈ ನಾರ್ತಂಬರ್‌ಲ್ಯಾಂಡ್‌ನಲ್ಲೇ ತೀರಿಕೊಂಡರು. ಗ್ಯಾಸ್ ನೀರಿನ ಮೂಲಪುರುಷ ಮಣ್ಣಾಗಿರುವುದು ಪಾಪ್ ಮತ್ತು ಸೋಡಾದ ಗಡಿಯಲ್ಲಿ. ಆ ದಾರಿಯಲ್ಲಿ ಹೋಗುವಾಗೆಲ್ಲ ಮಕ್ಕಳಿಗೆ ಇದನ್ನು ಹೇಳುತ್ತೇನೆ.

ಸೋಡಾ ಅನ್ನೋ ಹೆಸರು ಬಂದಿದ್ದು ಲವಣದಿಂದ. ಯೂರೋಪಿನ ಬುಗ್ಗೆಗಳ ಔಷಧಿ ನೀರನ್ನು ನಕಲು ಮಾಡಲು ಗ್ಯಾಸ್ ನೀರಿಗೆ ಸೋಡಿಯಂ ಲವಣ ಬೆರೆಸುತ್ತಿದ್ದರು. ನಮ್ಮ ಅಡುಗೆ ಮನೆಯ ಸೋಡಾ ಪುಡಿಯೂ ಅದೇ ನೆಂಟಸ್ತಿಕೆಯದು. ಅಮೆರಿಕದಲ್ಲಿ ಈ ಸೋಡಾ ನೀರು ಮೊದಲು ಮನೆಮಾತಾಗಿದ್ದು ಔಷಧಿ ಅಂಗಡಿಯಲ್ಲಿ. ಹೊಟ್ಟೆನೋವು, ತಲೆನೋವು, ಸುಸ್ತು, ಎಲ್ಲಕ್ಕೂ ಅದು ಒಳ್ಳೇದು ಅಂತ ನಂಬಿದ್ದರು. ನ್ಯೂಯಾರ್ಕ್‌ನಲ್ಲಿ 1830ರ ದಶಕದಲ್ಲಿ ಜಾನ್ ಮ್ಯಾಥ್ಯೂಸ್ ಎಂಬವರು ಅಮೃತಶಿಲೆಯ ಚೂರಿಗೆ ಗಂಧಕಾಮ್ಲ ಹಾಕಿ ಗ್ಯಾಸ್ ಹೊರಡಿಸುವ ಯಂತ್ರ ಮಾಡಿ ಮಾರಿದರು. ಲವಣದ ಅಗತ್ಯ ಹೋಯಿತು, ಹೆಸರು ಹೋಗಲಿಲ್ಲ. ಔಷಧಿ ಅಂಗಡಿಗಳಲ್ಲಿ ಅಮೃತಶಿಲೆ ಕಟ್ಟೆ, ಹಿತ್ತಾಳೆ ನಲ್ಲಿ, ಎತ್ತರದ ಸ್ಟೂಲು ಬಂದವು. ಅದಕ್ಕೆ ಸೋಡಾ ಫೌಂಟನ್ ಅಂತ ಹೆಸರು. ಕಂಪೌಂಡರ್ ಶರಬತ್ತು ಸುರಿದು, ನಲ್ಲಿಯಿಂದ ಗ್ಯಾಸ್ ನೀರು ಬಿಟ್ಟು, ಕೈಗೆ ಕೊಡುತ್ತಿದ್ದ. ಪೂರ್ವ ಕರಾವಳಿಯ ದೊಡ್ಡ ಪಟ್ಟಣಗಳಲ್ಲಿ ಇಂಥ ಕಟ್ಟೆಗಳು ಬೇಗ ಬೇರೂರಿದವು. ಆ ಕಡೆ ಸೋಡಾ ಪದ ಗಟ್ಟಿಯಾಗಿದ್ದಕ್ಕೆ ಇದೇ ಕಾರಣ ಅಂತ ನಾನು ಭಾವಿಸುತ್ತೇನೆ.

ಬಾಸ್ಟನ್‌ನಲ್ಲಿ ಮಾತ್ರ ಇನ್ನೊಂದು ಹೆಸರಿತ್ತು: ಟಾನಿಕ್. ನಾನಲ್ಲಿದ್ದ ಮನೆಯ ಕೆಳಗಡೆ ಒಬ್ಬ ವಯಸ್ಸಾದ ಐರಿಶ್ ಅಜ್ಜಿ ಇದ್ದರು. ಅವರ ಬಾಯಲ್ಲಿ ಕೊನೆವರೆಗೂ ಟಾನಿಕ್ಕೇ. ನನಗೆ ಟಾನಿಕ್ ಅಂದರೆ ಚಿಕ್ಕಂದಿನಲ್ಲಿ ಜ್ವರ ಬಿಟ್ಟ ಮೇಲೆ ಅಮ್ಮ ಚಮಚದಲ್ಲಿ ಕುಡಿಸುತ್ತಿದ್ದ ಕಂದು ಬಣ್ಣದ ಔಷಧಿ. ಅಜ್ಜಿಯ ಪದದ ಹಿಂದೆಯೂ ಔಷಧಿಯೇ ಇದೆ. ಬಾಸ್ಟನ್ ಪಕ್ಕದ ಲೋವೆಲ್ ಊರಿನಲ್ಲಿ ಆಗಸ್ಟಿನ್ ಥಾಂಪ್ಸನ್ ಎಂಬ ವೈದ್ಯರು 1880ರ ದಶಕದಲ್ಲಿ ಮಾಕ್ಸಿ ಅನ್ನೋ ಕಹಿ ಮಿಶ್ರಿತ ಡ್ರಿಂಕ್ ಹೊರತಂದರು. ನರಗಳಿಗೆ ಆಹಾರ ಅಂತ ಅದನ್ನು ಮಾರಿದರು. ಅದು ಇವತ್ತಿಗೂ ಸಿಗುತ್ತದೆ, 2005ರಲ್ಲಿ ಮೇನ್ ರಾಜ್ಯ ಅದನ್ನು ತನ್ನ ಅಧಿಕೃತ ಪಾನೀಯ ಅಂತ ಘೋಷಿಸಿತು. ಬಾಸ್ಟನ್ ಸುತ್ತಮುತ್ತ ಮೂಲೆಯ ಕಿರಾಣಿ ಅಂಗಡಿಗಳಿಗೆ ಸ್ಪಾ ಅಂತ ಬೋರ್ಡ್ ಇರುತ್ತದೆ. ಅದು ಮಸಾಜ್ ಅಂಗಡಿ ಅಲ್ಲ. ಹಿಂದೆ ಅಲ್ಲಿ ಬುಗ್ಗೆ ನೀರಿನ ಹೆಸರಲ್ಲಿ ಸೋಡಾ ಮಾರುತ್ತಿದ್ದರು. ಟಾನಿಕ್ ಅನ್ನುವವರು ಈಗ ಬಹುತೇಕ ಹೋಗಿಬಿಟ್ಟಿದ್ದಾರೆ. ವಾಕ್ಸ್ ಅವರ ಸಮೀಕ್ಷೆಯಲ್ಲಿ ಹಾಗಂದವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಇನ್ನು ಪಾಪ್. ಇದು ಬಾಟಲಿಯ ಸದ್ದು. ಬಿರಡೆ ತೆಗೆದಾಗ ಬರುವ ಸದ್ದಿನಿಂದ ಈ ಹೆಸರು ಬಂತು ಅಂತ ಇಂಗ್ಲಿಷ್ ಕವಿ ರಾಬರ್ಟ್ ಸದಿ 1812ರಲ್ಲೇ ಬರೆದಿದ್ದಾರೆ. ಹಾಗಾಗಿ ಪಾಪ್ ನಮ್ಮ ಊರಿನ ಪದ ಅಂತ ಡೆಟ್ರಾಯಿಟ್‌ನವರು ಎಷ್ಟು ಎದೆ ತಟ್ಟಿ ಹೇಳಿದರೂ ಅದು ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಆದರೆ ಅದು ಬೆಳೆದಿದ್ದು ಇಲ್ಲಿ. 1879ರಲ್ಲಿ ಶಿಕಾಗೋದ ಚಾರ್ಲ್ಸ್ ಹಚಿನ್‌ಸನ್ ಹೊಸ ಬಗೆಯ ಮುಚ್ಚಳಕ್ಕೆ ಪೇಟೆಂಟ್ ತೆಗೆದರು. ತಂತಿಯ ಕುಣಿಕೆಗೆ ಸಿಕ್ಕಿಸಿದ ರಬ್ಬರ್ ಬಿಲ್ಲೆ ಅದು. ಬಾಟಲಿ ಒಳಗಿನಿಂದ ಗ್ಯಾಸ್ ಅದನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಮೇಲಿಂದ ಕುಣಿಕೆಯನ್ನು ಅಂಗೈಯಲ್ಲಿ ಗುದ್ದಿದರೆ ಪಟ್ ಅಂತ ತೆರೆದುಕೊಳ್ಳುತ್ತದೆ. 1892ರಲ್ಲಿ ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ ಈಗ ನಾವು ನೋಡುವ ಹಲ್ಲು ಹಲ್ಲಿನ ತಗಡಿನ ಮುಚ್ಚಳ ತರುವ ತನಕ ಮಧ್ಯ ಅಮೆರಿಕದ ಊರೂರಲ್ಲಿ ಈ ಸದ್ದು ಕೇಳುತ್ತಿತ್ತು. ಅಮೃತಶಿಲೆ ಕಟ್ಟೆಯ ಮುಂದೆ ಕೂತು ಕುಡಿದವರು ಸೋಡಾ ಅಂದರು. ಬಾಟಲಿ ಗುದ್ದಿ ಕುಡಿದವರಿಗೆ ಪಾಪ್ ಅನ್ನೋದು ಸಹಜ ಅಲ್ವಾ?

ದಕ್ಷಿಣದ ಕತೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಅಟ್ಲಾಂಟಾದಲ್ಲಿ ಜಾನ್ ಪೆಂಬರ್ಟನ್ ಎಂಬ ಔಷಧಿ ವ್ಯಾಪಾರಿ 1886ರಲ್ಲಿ ಕೋಕಾ-ಕೋಲಾ ಮಾಡಿದರು. ಅದೂ ಮೊದಲು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಲೋಟದಲ್ಲಿ ಕೊಡುವ ಸರಕೇ. 1899ರಲ್ಲಿ ಚಾಟನೂಗಾದ ಇಬ್ಬರು ವಕೀಲರು, ಬೆಂಜಮಿನ್ ಥಾಮಸ್ ಮತ್ತು ಜೋಸೆಫ್ ವೈಟ್‌ಹೆಡ್, ಅದನ್ನು ಬಾಟಲಿಯಲ್ಲಿ ಮಾರುವ ಹಕ್ಕನ್ನು ಒಂದು ಡಾಲರಿಗೆ ಪಡೆದರು. ಅವರು ಮಾಡಿದ್ದು ಬಹಳ ಜಾಣತನದ ಕೆಲಸ. ತಾವೇ ಎಲ್ಲಾ ಕಡೆ ತುಂಬಿ ಕಳಿಸಲಿಲ್ಲ. ಊರೂರಿನ ಜನಕ್ಕೆ ಬಾಟಲಿ ತುಂಬುವ ಹಕ್ಕು ಮಾರಿದರು. ಶರಬತ್ತು ಅಟ್ಲಾಂಟಾದ್ದು; ನೀರು, ಗ್ಯಾಸ್, ಗಾಡಿ, ಆಳು ಆ ಊರಿನದು. 1920ರ ಹೊತ್ತಿಗೆ ಇಂಥ ಬಾಟ್ಲಿಂಗ್ ಘಟಕಗಳು ಸಾವಿರ ದಾಟಿದ್ದವು. ದಕ್ಷಿಣದ ಹಳ್ಳಿಗೂ ಕೋಕ್ ಹೊಕ್ಕಿತು. ಕೊನೆಗೆ ಗ್ಯಾಸ್ ಇರುವ ಡ್ರಿಂಕ್ ಎಲ್ಲಾ ಕೋಕ್ ಆಯಿತು.

ಅಟ್ಲಾಂಟಾದಲ್ಲಿರುವ ನನ್ನ ಗೆಳೆಯನ ಆಫೀಸಿನಲ್ಲಿ ಇವತ್ತಿಗೂ ಈ ಮಾತುಕತೆ ನಡೆಯುತ್ತದಂತೆ. "ಕೋಕ್ ಬೇಕಾ?" "ಹೂಂ, ಬೇಕು." "ಯಾವ ಕೋಕ್?" "ಸ್ಪ್ರೈಟ್." ಕೇಳುವವರಿಗೂ ಹೇಳುವವರಿಗೂ ಇದರಲ್ಲಿ ಏನೂ ಗೊಂದಲ ಇಲ್ಲ.

ಗೊಂದಲ ಆಗಿದ್ದು ಕಂಪನಿಗೆ. ತಮ್ಮ ಹೆಸರು ಎಲ್ಲರ ಹೆಸರಾಗಿಬಿಟ್ಟರೆ ಅದರ ಮೇಲಿನ ಹಕ್ಕೇ ಹೋಗುತ್ತದೆ ಅಂತ ಅವರಿಗೆ ಭಯ. ಹಾಗಾಗಿ ಪೂರ್ತಿ ಹೆಸರು ಹಿಡಿದು ಕೇಳಿ, ಅಡ್ಡ ಹೆಸರು ಬೇಡ ಅಂತ ಜಾಹೀರಾತು ಕೊಟ್ಟರು. ಕೋಕ್ ಅನ್ನೋ ಸದ್ದಿಗೆ ಹೊಂದುವ ಬೇರೆ ಅಕ್ಷರದಲ್ಲಿ ಹೆಸರಿಟ್ಟುಕೊಂಡು ನಕಲು ಮಾಡುತ್ತಿದ್ದ ಒಂದು ಕಂಪನಿಯ ಮೇಲೆ ಕೇಸು ಹಾಕಿದರು. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1920ರಲ್ಲಿ ನ್ಯಾಯಮೂರ್ತಿ ಹೋಮ್ಸ್ ತೀರ್ಪು ಬರೆದರು. ಈ ಹೆಸರು ಕೇಳಿದರೆ ಜನಕ್ಕೆ ನೆನಪಾಗುವುದು ಒಂದೇ ಕಡೆಯಿಂದ ಬರುವ ಒಂದೇ ವಸ್ತು ಅನ್ನುವುದು ಅದರ ತಿರುಳು. ಕಂಪನಿ ಗೆದ್ದಿತು. ಆದರೂ ಜನರ ಬಾಯಿ ತಡೆಯಲು ಆಗಲಿಲ್ಲ. 1941ರಲ್ಲಿ ಕಂಪನಿಯೇ ಜಾಹೀರಾತಿನಲ್ಲಿ ಕೋಕ್ ಅನ್ನಲು ಶುರು ಮಾಡಿತು, 1945ರಲ್ಲಿ ಅದನ್ನು ನೋಂದಾಯಿಸಿತು. ಕೋರ್ಟು ಕಾನೂನಿನ ಲೆಕ್ಕದಲ್ಲಿ ಸರಿಯಾಗೇ ಹೇಳಿರಬಹುದು. ಅಲಬಾಮಾದ ಅಜ್ಜಿಗೆ ಮಾತ್ರ ಆರೆಂಜ್ ಕೂಡ ಕೋಕ್ ಆಗಿಯೇ ಉಳಿಯಿತು.

ಕ್ಯಾರೊಲೈನಾದ ಹತ್ತಿ ಗಿರಣಿಗಳಲ್ಲಿ ಇನ್ನೂ ಒಂದು ಹೆಸರಿತ್ತು, ಡೋಪ್, ಅಂದರೆ ಅಮಲಿನ ವಸ್ತು. ಮೊದಲ ವರ್ಷಗಳಲ್ಲಿ ಕೋಲಾದಲ್ಲಿ ಕೋಕಾ ಎಲೆಯ ಸಾರ ಇದ್ದ ನೆನಪು ಅದು. ಮಗ್ಗಗಳ ನಡುವೆ ತಿಂಡಿ, ಡ್ರಿಂಕ್ ಇಟ್ಟುಕೊಂಡು ಓಡಾಡುತ್ತಿದ್ದ ತಳ್ಳುಗಾಡಿಗೆ ಡೋಪ್ ವ್ಯಾಗನ್ ಅನ್ನುತ್ತಿದ್ದರು. ಗಿರಣಿಗಳು ಮುಚ್ಚಿದವು. ಗಾಡಿ ಹೋಯಿತು, ಪದವೂ ಹೋಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಸುಸ್ತಾಗಿ ನಿಂತ ಕೆಲಸಗಾರರು ಇಟ್ಟ ಹೆಸರು ಅದು. ಯಾವ ಜಾಹೀರಾತಿನವರೂ ಕೊಟ್ಟಿದ್ದಲ್ಲ.

ಒಮ್ಮೆ ಅಮ್ಮ ಊರಿಂದ ಬಂದಿದ್ದರು. ಹೊರಗೆ ಊಟ ಜಾಸ್ತಿಯಾಗಿ ಹೊಟ್ಟೆ ಭಾರ ಅಂದರು. "ಒಂದು ಸೋಡಾ ಕೊಡ್ಸಪ್ಪ, ಸರಿಹೋಗುತ್ತೆ" ಅಂದರು. ಸಪ್ಲೈಯರ್ ಹುಡುಗ ಪಕ್ಕದಲ್ಲೇ ಇದ್ದ. ಸೋಡಾ ಅನ್ನೋದು ಕಿವಿಗೆ ಬಿದ್ದಿದ್ದೇ ಸ್ಪ್ರೈಟ್ ತಂದಿಟ್ಟ. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದೇನೋ, ಪಾಯಸದ ಥರ ಇದೆ!" ನಮ್ಮ ಕಡೆ ಸೋಡಾ ಅಂದರೆ ಸಪ್ಪೆ ಗ್ಯಾಸ್ ನೀರು. ಬೇಕಾದರೆ ನಿಂಬೆಹಣ್ಣು, ಉಪ್ಪು ಹಾಕಿಸಿಕೊಳ್ಳಬೇಕು. ಸಿಹಿ ಇದ್ದರೆ ಅದು ಕೂಲ್ ಡ್ರಿಂಕ್ಸ್. ಅಮೆರಿಕದಲ್ಲಿ ಅಮ್ಮನ ಸೋಡಾ ಬೇಕಾದರೆ ಕ್ಲಬ್ ಸೋಡಾ ಅಂತಲೋ ಸೆಲ್ಟ್ಜರ್ ಅಂತಲೋ ಕೇಳಬೇಕು. ಸೆಲ್ಟ್ಜರ್ ಜರ್ಮನಿಯ ಸೆಲ್ಟರ್ಸ್ ಊರಿನ ಬುಗ್ಗೆಯಿಂದ ಬಂದ ಹೆಸರು. ಅಮೆರಿಕದವರ ಸೋಡಾ ಕಾಲಕ್ರಮದಲ್ಲಿ ಸಿಹಿಯಾಯಿತು. ನಮ್ಮದು ಹೊಟ್ಟೆಯ ಔಷಧಿಯಾಗಿಯೇ ಉಳಿದಿದೆ. ಆ ಲೆಕ್ಕದಲ್ಲಿ ಹಳೆಯ ಅರ್ಥ ಕಾಪಾಡಿಕೊಂಡವರು ನಾವು.

ಈ ಊರೂರಿನ ಪದಗಳನ್ನು ಶ್ರದ್ಧೆಯಿಂದ ಕೂಡಿಸಿದ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಕ್ಯಾಸಿಡಿ. ಅಮೆರಿಕದ ಪ್ರಾದೇಶಿಕ ಇಂಗ್ಲಿಷಿನ ನಿಘಂಟು ಅವರ ಕನಸು. 1965ರಿಂದ 1970ರವರೆಗೆ ಅವರ ತಂಡದವರು ವ್ಯಾನುಗಳಲ್ಲಿ ಹೊರಟು 1,002 ಊರುಗಳಿಗೆ ಹೋದರು. ಅದೇ ಊರಿನಲ್ಲಿ ಹುಟ್ಟಿ ಬೆಳೆದವರನ್ನು ಹುಡುಕಿ, ಸಾವಿರಾರು ಜನರ ಹತ್ತಿರ ಕೂತು, ಸಾವಿರಕ್ಕೂ ಮೀರಿದ ಪ್ರಶ್ನೆ ಕೇಳಿದರು. ಅಡುಗೆ, ಹವಾಮಾನ, ಆಟ, ಕಾಯಿಲೆ, ಎಲ್ಲದರ ಬಗ್ಗೆ. ಮೊದಲ ಸಂಪುಟ ಬಂದಿದ್ದು 1985ರಲ್ಲಿ. ಕ್ಯಾಸಿಡಿ 2000ದಲ್ಲಿ ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಝಡ್ ಕಡೆಗೆ ನಡೆಯಿರಿ ಅನ್ನೋ ಅರ್ಥದ ಮಾತು ಅವರ ಸಮಾಧಿ ಕಲ್ಲಿನ ಮೇಲಿದೆ. ಝಡ್‌ವರೆಗಿನ ಐದನೆಯ ಸಂಪುಟ 2012ರಲ್ಲಿ ಬಂತು. ಒಂದು ಕೆಲಸವನ್ನು ಇಷ್ಟು ಪ್ರೀತಿಯಿಂದ ಮಾಡಿದವರ ಬಗ್ಗೆ ನನಗೆ ದೊಡ್ಡ ಗೌರವ.

ಅವರು ಸರಿಯಾದ ಸಮಯಕ್ಕೆ ಹೊರಟರು. ಯಾಕೆಂದರೆ ಆ ಹೊತ್ತಿಗೇ ಬಾಟಲಿ ಬದಲಾಗುತ್ತಿತ್ತು. ಬಿಸಾಡುವ ಡಬ್ಬ ಬಂತು. 1970ರಲ್ಲಿ ಪೆಪ್ಸಿ ಎರಡು ಲೀಟರಿನ ದೊಡ್ಡ ಬಾಟಲಿ ತಂತು, ಆ ದಶಕದಲ್ಲೇ ಪ್ಲಾಸ್ಟಿಕ್ ಗಾಜಿನ ಜಾಗ ಹಿಡಿಯಿತು. ಹಗುರ ಬಾಟಲಿ, ಅಗಲ ರಸ್ತೆ, ದೊಡ್ಡ ಲಾರಿ. ಒಂದೇ ಕಾರ್ಖಾನೆ ಹತ್ತು ಜಿಲ್ಲೆಗೆ ತುಂಬಿ ಕಳಿಸಬಹುದು. ಊರೂರಿನ ಬಾಟ್ಲಿಂಗ್‌ನವರು ಒಬ್ಬೊಬ್ಬರೇ ಬಾಗಿಲು ಹಾಕಿದರು. ಕೆಲವರು ಮಾತ್ರ ನಿಂತರು. ಉತ್ತರ ಕ್ಯಾರೊಲೈನಾದ ಸಾಲ್ಸ್‌ಬರಿಯಲ್ಲಿ 1917ರ ಚಿಯರ್‌ವೈನ್ ಇದೆ. ಕೆಂಟಕಿಯ ವಿಂಚೆಸ್ಟರ್‌ನಲ್ಲಿ 1926ರ ಏಲ್-ಎಯ್ಟ್-ವನ್ ಇದೆ. ಆ ಕಡೆ ಹೋದರೆ ಕುಡಿಯದೆ ಬರಬೇಡಿ. ಬೇರೆ ರಾಜ್ಯದಲ್ಲಿ ಸುಲಭವಾಗಿ ಸಿಗುವುದಿಲ್ಲ.

ಮಿಶಿಗನ್‌ನಲ್ಲಿ ವಾಪಸ್ ಕೊಡುವ ಅಭ್ಯಾಸ ಇನ್ನೂ ಇದೆ. 1976ರಲ್ಲಿ ಇಲ್ಲಿನ ಜನ ಮತ ಹಾಕಿ ಒಂದು ಕಾನೂನು ತಂದರು. ಪ್ರತಿ ಡಬ್ಬಕ್ಕೆ 10 ಸೆಂಟ್ ಠೇವಣಿ. ಖಾಲಿ ಡಬ್ಬ ಅಂಗಡಿಗೆ ಒಯ್ದು ಯಂತ್ರಕ್ಕೆ ಹಾಕಿದರೆ ದುಡ್ಡು ವಾಪಸ್. ನಮ್ಮ ಕನ್ನಡ ಕೂಟದ ಯುಗಾದಿ ಊಟ ಮುಗಿದ ಮೇಲೆ ಮಕ್ಕಳು ಚೀಲ ಹಿಡಿದು ಪಾಪ್ ಕ್ಯಾನ್ ಆರಿಸುತ್ತಾರೆ. ಸ್ಕಾಟ್ಲೆಂಡಿನಲ್ಲೂ ಬಾರ್ ಕಂಪನಿ ತನ್ನ ಗಾಜಿನ ಬಾಟಲಿಗಳಿಗೆ ಹೀಗೇ ದುಡ್ಡು ಕೊಡುತ್ತಿತ್ತು. 2015ರ ಕೊನೆಗೆ ಅದನ್ನು ನಿಲ್ಲಿಸಿತು. ಅಲ್ಲಿನ ಗ್ಲಾಸ್ಗೋ ಜನ ಎಲ್ಲಾ ಬಗೆಯ ಕೂಲ್ ಡ್ರಿಂಕ್ಸನ್ನೂ ಜಿಂಜರ್ ಅನ್ನುತ್ತಾರೆ, ಅದರಲ್ಲಿ ಶುಂಠಿ ಇರಲಿ ಬಿಡಲಿ. ಐರ್ಲೆಂಡಿನಲ್ಲಿ ಮಿನರಲ್. ದಕ್ಷಿಣ ಆಫ್ರಿಕಾದಲ್ಲಿ, ನೋಡಿ, ನಮ್ಮ ಹಾಗೇ ಕೂಲ್ ಡ್ರಿಂಕ್.

ನಮ್ಮ ಹೆಸರಿನ ಬಗ್ಗೆ ನನಗೊಂದು ಯೋಚನೆ ಇದೆ. ಅಮೆರಿಕದವರು ಸದ್ದು ಹಿಡಿದು, ಔಷಧಿ ಹಿಡಿದು ಹೆಸರಿಟ್ಟರು. ಬಿಸಿಲಿನ ದೇಶದವರು ತಂಪು ಹಿಡಿದು ಹೆಸರಿಟ್ಟರು. ಕರ್ನಾಟಕ, ಆಂಧ್ರದಲ್ಲಿ ಕೂಲ್ ಡ್ರಿಂಕ್ಸ್, ಉತ್ತರದಲ್ಲಿ ಠಂಡಾ. ಪತ್ರಿಕೆಯವರು ತಂಪು ಪಾನೀಯ ಅಂತ ಬರೆಯುತ್ತಾರೆ, ಅಂಗಡಿಯಲ್ಲಿ ನಿಂತು ಹಾಗೆ ಕೇಳಿದವರನ್ನು ನಾನು ನೋಡಿಲ್ಲ. ನೆಂಟರು ಬಂದರೆ "ಏನ್ ತಗೋತೀರಾ, ಬಿಸೀದಾ ತಣ್ಣಂದಾ?" ಅಂತ ಕೇಳುವ ಮನೆಗಳಲ್ಲಿ ಇದಕ್ಕಿಂತ ಸರಿಯಾದ ಹೆಸರು ಇರಲು ಸಾಧ್ಯವಿಲ್ಲ.

ಅದಕ್ಕಿಂತ ಹಳೆಯ ಹೆಸರುಗಳು ಬಾಟಲಿಯಿಂದ ಬಂದಿವೆ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ತೆಗೆದ ಬಾಟಲಿ ನಮ್ಮಲ್ಲಿ ಗೋಲಿ ಸೋಡಾ ಆಯಿತು. ತುಂಬುವಾಗ ಬಾಟಲಿ ತಲೆಕೆಳಗಾಗಿರುತ್ತದೆ. ಗೋಲಿ ಕತ್ತಿಗೆ ಇಳಿಯುತ್ತದೆ, ಗ್ಯಾಸ್ ಅದನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬೇರೆ ಮುಚ್ಚಳವೇ ಬೇಡ. ನಮ್ಮೂರಿನ ಸೋಡಾ ಫ್ಯಾಕ್ಟರಿ ಅಂದರೆ ಒಂದು ಕೋಣೆ. ಕೈಯಲ್ಲಿ ತಿರುಗಿಸುವ ಪಂಜರದಂಥ ಯಂತ್ರ, ಒಂದು ಗ್ಯಾಸ್ ಸಿಲಿಂಡರ್, ಸೈಕಲ್ ಮೇಲೆ ಮರದ ಪೆಟ್ಟಿಗೆ. ಆ ಸೈಕಲ್ ಹೋಗುವಷ್ಟು ದೂರವೇ ಅವರ ವ್ಯಾಪಾರ. ದಪ್ಪ ಕನ್ನಡಕಕ್ಕೆ ಸೋಡಾಬುಡ್ಡಿ ಅನ್ನೋದು ಇದೇ ಬಾಟಲಿಯಿಂದ. ದೆಹಲಿಯಲ್ಲಿ ಇದೇ ಬಂಟಾ. ಕೇರಳದಲ್ಲಿ ವಟ್ಟ್ ಸೋಡಾ. ತಮಿಳುನಾಡಿನ ಹಳಬರು ಬಣ್ಣದ ಸಿಹಿ ಡ್ರಿಂಕನ್ನು ಕಲರ್ ಅನ್ನುತ್ತಾರೆ, ಪಂಜಾಬಿನವರು ಬೋತಲ್ ಅನ್ನುತ್ತಾರೆ.

1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟು ಹೋಯಿತು. ಆಗ ಕೈಗಾರಿಕಾ ಮಂತ್ರಿಯಾಗಿದ್ದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅದರ ಬದಲು ಸರ್ಕಾರವೇ ಡಬಲ್ ಸೆವೆನ್ ಅಂತ ಕೋಲಾ ತಂತು. ಅದರ ಸೂತ್ರ ತಯಾರಾಗಿದ್ದು ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ. ಅದೇ ವರ್ಷ ಥಮ್ಸ್ ಅಪ್ ಬಂತು, ಅದು ಗೆದ್ದಿತು. 1993ರಲ್ಲಿ ಕೋಕಾ-ಕೋಲಾ ವಾಪಸ್ ಬಂದು ಥಮ್ಸ್ ಅಪ್, ಲಿಮ್ಕಾ ಎಲ್ಲವನ್ನೂ ಕೊಂಡುಕೊಂಡಿತು. ಕೆಲವು ವರ್ಷದ ನಂತರ, ಠಂಡಾ ಅಂದರೆ ಕೋಕಾ-ಕೋಲಾ ಅನ್ನೋ ಅರ್ಥದ ಹಿಂದಿ ಜಾಹೀರಾತು ದೇಶದ ತುಂಬಾ ಬಂತು. ನನಗೆ ಇದು ಸರಿ ಕಾಣಲಿಲ್ಲ. ಅಟ್ಲಾಂಟಾದಲ್ಲಿ ತಮ್ಮ ಹೆಸರು ಎಲ್ಲರದ್ದಾಗುತ್ತದೆ ಅಂತ ಕೋರ್ಟಿಗೆ ಹೋದ ಕಂಪನಿ, ಇಲ್ಲಿ ಎಲ್ಲರ ಪದವನ್ನು ತನ್ನದು ಮಾಡಿಕೊಳ್ಳಲು ನೋಡಿತು. ಠಂಡಾ ಅನ್ನೋದರೊಳಗೆ ಲಸ್ಸಿ ಇತ್ತು, ಬಂಟಾ ಇತ್ತು, ಶರಬತ್ತು ಇತ್ತು.

ಆದರೂ ಸಣ್ಣವರು ಪೂರ್ತಿ ಹೋಗಿಲ್ಲ. ಪುತ್ತೂರಿನ ಬಿಂದು ಜೀರಾ ಈಗ ರಾಜ್ಯದ ಉದ್ದಕ್ಕೂ ಸಿಗುತ್ತದೆ. ಗೋಲಿ ಸೋಡಾಕ್ಕೂ ಮತ್ತೆ ಬೇಡಿಕೆ ಬಂದಿದೆ. 2025ರಲ್ಲಿ ಕೇಂದ್ರದ ಅಪೆಡಾ ಸಂಸ್ಥೆ ಅದನ್ನು ಹೊರದೇಶಗಳಿಗೆ ಕಳಿಸಲು ಉತ್ತೇಜನ ಕೊಟ್ಟಿತು. ಅಮೆರಿಕಕ್ಕೂ ಪ್ರಾಯೋಗಿಕವಾಗಿ ಸರಕು ಬಂತು. ಅದಕ್ಕೆ ಇಟ್ಟ ಹೆಸರು ಗೋಲಿ ಪಾಪ್ ಸೋಡಾ. ಪಾಪೂ ಇದೆ, ಸೋಡಾನೂ ಇದೆ. ಈ ಸುದ್ದಿ ಓದಿ ಮಗಳಿಗೂ ನ್ಯೂಜೆರ್ಸಿಯ ಮಕ್ಕಳಿಗೂ ಕಳಿಸಿದೆ. ಇಬ್ಬರೂ ತಾವೇ ಗೆದ್ದೆವು ಅಂದರು.

ಕ್ಯಾಸಿಡಿ ತಂಡದವರು ಕೇಳಿದ ಹಾಗೆ ನಮ್ಮಲ್ಲೂ ತಾಲ್ಲೂಕು ತಾಲ್ಲೂಕು ಸುತ್ತಿ ಯಾರಾದರೂ ಕೇಳಬೇಕು ಅಂತ ನನಗೆ ತುಂಬಾ ಆಸೆ. ಗೋಲಿ ಒತ್ತುವ ಆ ಮರದ ಬಿರಡೆಗೆ ನಿಮ್ಮ ಕಡೆ ಏನನ್ನುತ್ತಾರೆ? ಬಣ್ಣದ ಸೋಡಾಕ್ಕೆ ಏನನ್ನುತ್ತಿದ್ದರು? ಜಾತ್ರೆಯಲ್ಲಿ ಯಾವುದು ಮಾರುತ್ತಿತ್ತು, ಮದುವೆ ಮನೆಗೆ ಯಾವುದು ಬರುತ್ತಿತ್ತು? ಸೋಡಾ ಫ್ಯಾಕ್ಟರಿ ನಡೆಸಿದ ಹಿರಿಯರು ಇನ್ನೂ ಕೆಲವರು ಇದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ನಾನು ಅರಸೀಕೆರೆಯಿಂದ ಶುರು ಮಾಡುತ್ತೇನೆ. ಆಮೇಲೆ ಕಡೂರು, ತಿಪಟೂರು, ಹುಳಿಯಾರು. ಅಮ್ಮನಿಗೆ ಈಗಾಗಲೇ ಹೇಳಿದ್ದೇನೆ, ಅವರೂ ಬರುತ್ತಾರಂತೆ.